ಓಡಿಹೋದ ಕರ್ಸರ್ ಮತ್ತು ನನ್ನ ಪ್ರೊಬೇಷನ್ನು

ಕಂಪ್ಯೂಟರ್ ಕೆಲಸದೋನು ನೆರಳಲ್ಲಿ ಕೂತು ಸಂಬಳ ತಗೋತಾನೆ, ಪುಣ್ಯವಂತ ಅಂತಾರೆ ಜನ. ಬನ್ನಿ ಸ್ವಾಮಿ, ಕೆಂಪಾಪುರದ ನಮ್ಮ ಆಫೀಸಲ್ಲಿ ಒಂದು ವಾರ ಕೂತು ನೋಡಿ. ಇಲ್ಲಿ ದಿನಕ್ಕೊಂದು ಗ್ರಹಚಾರ.

ನನ್ನ ಕೆಲಸ ಸರ್ವರ್ ನೋಡ್ಕೊಳ್ಳೋದು. ಅಂದ್ರೆ ಕಪ್ಪು ಪರದೆ ಮೇಲೆ ಉದ್ದುದ್ದ ಕಮ್ಯಾಂಡ್ ಟೈಪ್ ಮಾಡೋದು. ಮಧ್ಯದಲ್ಲಿ ಒಂದಕ್ಷರ ತಪ್ಪಿದ್ರೆ ಮೌಸ್ ಇಟ್ಟು ಕ್ಲಿಕ್ ಮಾಡೋ ಹಾಗಿಲ್ಲ, ಬಾಣದ ಕೀ ಒತ್ತಿ ಒತ್ತಿ ಕರ್ಸರನ್ನ ಅಲ್ಲಿಗೆ ನಡೆಸ್ಕೊಂಡು ಹೋಗ್ಬೇಕು. ಕಳೆದ ದಸರಾ ಹೊತ್ತಿಗೆ ನನ್ನ ಪ್ರೊಬೇಷನ್ನು ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲ ಒಂದೋ ಖಾಯಂ, ಇಲ್ಲಾ ಮನೆ. ಆ ಒಂದು ತಿಂಗಳಲ್ಲಿ ನಡೆದಿದ್ದನ್ನ ಹೇಳ್ತೀನಿ, ನೀವೇ ನ್ಯಾಯ ಹೇಳಿ.

೧. ಭಕ್ತಿ

ಆಯುಧಪೂಜೆ ದಿನ ಕಡ್ಲೆಪುರಿ ತಿಂದ್ಕೊಂಡು ಸೀಟಿಗೆ ಬಂದೆ. ಹೌಸ್‌ಕೀಪಿಂಗ್ ಅಕ್ಕ ನನ್ನ ಕೀಬೋರ್ಡ್ ಮುಂದೆ ಕೈಮುಗಿದು ನಿಂತಿದ್ರು. ಕುಂಕುಮವನ್ನ ನೀರಲ್ಲಿ ಕಲಸಿ, ನಾಲ್ಕೂ ಬಾಣದ ಕೀಗೆ ಧಾರಾಳವಾಗಿ ಹಚ್ಚಿದ್ರು. ನೀರು ಒಳಗಿಳಿದಾಗಿತ್ತು.

"ಅಯ್ಯೋ ಅಕ್ಕ, ಒಂದು ಮೂಲೇಲಿ ಬೊಟ್ಟಿಟ್ಟಿದ್ರೆ ಸಾಕಾಗ್ತಿತ್ತಲ್ಲ!"

"ಅದೆಂಗಾಯ್ತದೆ ಸಾರ್? ದಿನಾ ಬೆಳಗ್ಗೆ ಒರೆಸ್ತೀನಲ್ಲ, ನೀವು ಜಾಸ್ತಿ ಸವೆಸಿರೋದು ಈ ನಾಕನ್ನೇ. ಪಾಪ, ಇವ್ಕೇ ಜಾಸ್ತಿ ಪೂಜೆ ಆಗ್ಬೇಕು."

೨. ಸ್ಟೋರು

ವಿಜಯದಶಮಿ ರಜೆ ಮುಗಿಸಿ ಬಂದ್ರೆ ಬಲಗಡೆ ಬಾಣದ ಕೀ ಒಳಗೇ ಕಚ್ಚಿಕೊಂಡಿತ್ತು. ನಾನು ಮುಟ್ಟದೇ ಇದ್ರೂ ಕರ್ಸರು ತಾನೇ ತಾನಾಗಿ ಬಲಕ್ಕೆ ಓಡೋದು. ಎಳ್ಕೊಂಡು ಬಂದ್ರೆ ಮತ್ತೆ ಓಡೋದು. ಇದನ್ನ ತಗೊಂಡು ಬೇರೆ ಕೀಬೋರ್ಡ್ ಕೊಡಿ ಅಂತ, ಅದನ್ನ ಹಿಡ್ಕೊಂಡೇ ಸ್ಟೋರಿಗೆ ಹೋದೆ. ಸ್ಟೋರ್ ನೋಡ್ಕೊಳ್ಳೋ ಹಿರಿಯರು ಧಾರವಾಡ ಕಡೆಯವರು. ಕುಂಕುಮ ನೋಡಿದ್ದೇ ಕೈ ಹಿಂದಕ್ಕೆ ಎಳ್ಕೊಂಡ್ರು.

"ಮೊನ್ನೆರ ಪೂಜಾ ಮಾಡೀರಿ, ಇವತ್ತ ಸ್ಕ್ರ್ಯಾಪಿಗೆ ಹಾಕಂತೀರಲ್ರೀ? ಏನರ ಹೆಚ್ಚು ಕಮ್ಮಿ ಆದ್ರ ಯಾರು ಜವಾಬ್ದಾರಿ? ದೀಪಾವಳಿ ದಾಟ್ಲಿ, ತಡೀರಿ."

"ದೀಪಾವಳಿಗೂ ಆಫೀಸಲ್ಲಿ ಪೂಜೆ ಇದೆಯಲ್ಲ ಸಾರ್, ಇದಕ್ಕೆ ಮತ್ತೆ ಕುಂಕುಮ ಬೀಳುತ್ತೆ!"

ಅವರು ಗೋಡೆ ಮೇಲಿನ ಕ್ಯಾಲೆಂಡರ್ ತಿರುವಿದ್ರು. "ಹಂಗಾದ್ರ ಯುಗಾದಿಗೆ ಬರ್ರಿ."

೩. ಬೆರಳು

ಮನೆಯಿಂದ ತರೋಣ ಅಂದ್ರೆ ಹೊರಗಿನ ಸಾಮಾನು ಗೇಟಲ್ಲೇ ಹಿಡೀತಾರೆ. ತಲೆ ಕೆಟ್ಟು ಹೋಯ್ತು. ಕೊನೆಗೆ ನನ್ನ ಟರ್ಮಿನಲ್‌ನ, ಅಂದ್ರೆ ಆ ಕಪ್ಪು ಪರದೆಯ, ಸೆಟ್ಟಿಂಗನ್ನೇ ಬದಲಾಯಿಸಿದೆ. ಬಾಣದ ಕೀ ನಾಲ್ಕಕ್ಕೂ ರಜೆ ಕೊಟ್ಟೆ, ಒತ್ತಿದ್ರೂ ಅಲ್ಲಾಡಬಾರದು. ಆಲ್ಟ್ ಕೀ ಜೊತೆ ಎ ಒತ್ತಿದ್ರೆ ಕರ್ಸರು ಒಂದು ಪದ ಹಿಂದೆ, ಆಲ್ಟ್ ಜೊತೆ ಡಿ ಒತ್ತಿದ್ರೆ ಒಂದು ಪದ ಮುಂದೆ. ಹದಿನೈದು ದಿನದಲ್ಲಿ ಬೆರಳು ಹೇಗೆ ಪಳಗಿತು ಅಂದ್ರೆ, ಒಂದೊಂದೇ ಅಕ್ಷರ ನಡೆಸ್ಕೊಂಡು ಹೋಗೋರನ್ನ ನೋಡಿದ್ರೆ ಪಾಪ ಅನ್ನಿಸ್ತಿತ್ತು.

ಜಂಬ ಬಹಳ ದಿನ ಉಳೀಲಿಲ್ಲ. ದೊಡ್ಡ ಸಾಹೇಬ್ರು ಸೋಮವಾರ ಬಂದು ಖಾಯಂ ಮಾಡೋ ಮುಂಚೆ ನನ್ನ ಕೆಲಸ ನೋಡೋದಿತ್ತು. "ಶುಕ್ರವಾರ ನನಗೊಮ್ಮೆ ಮಾಡಿ ತೋರಿಸಿ," ಅಂದ್ರು ಮ್ಯಾನೇಜರ್ ಮೇಡಂ. ಮೀಟಿಂಗ್ ರೂಮಿನ ಕಂಪ್ಯೂಟರಲ್ಲಿ ಉದ್ದನೆಯ ಕಮ್ಯಾಂಡ್ ಟೈಪ್ ಮಾಡಿದೆ, ಗೋಡೆ ಮೇಲೆ ದೊಡ್ಡದಾಗಿ ಕಾಣ್ತಿತ್ತು. ಎರಡನೇ ಪದ ತಪ್ಪಾಗಿತ್ತು. ಸಾಲಿನ ಮೊದಲಿಗೆ ಹೋಗಿ, ಮುಂದೆ ಸರಿಯೋಣ ಅಂತ ಅಭ್ಯಾಸಬಲದಿಂದ ಆಲ್ಟ್-ಡಿ ಒತ್ತಿದೆ. ಮೊದಲ ಪದ ಮಾಯ!

ಮತ್ತೊಮ್ಮೆ ಒತ್ತಿದೆ. ಇನ್ನೊಂದು ಮಾಯ. ನನ್ನ ಮಿಷನ್ನಿಗೆ ಮಾತ್ರ ಅದು ಮುಂದೆ ಹೋಗೋ ಕೀ, ಬೇರೆ ಕಡೆಯೆಲ್ಲ ಅದು ಮುಂದಿನ ಪದವನ್ನ ಅಳಿಸೋ ಕೀ ಅನ್ನೋದು ಗಾಬರೀಲಿ ತಲೆಗೆ ಬರಬೇಕಲ್ಲ? ಬೆವರ್ತಾ ಬೆವರ್ತಾ ಒತ್ತಿದ್ದೇ ಒತ್ತಿದ್ದು. ಕೊನೆಗೆ ಗೋಡೆ ಮೇಲೆ ಬರೀ ಕರ್ಸರು ಮಿಣುಕ್ತಾ ನಿಂತಿತ್ತು.

ಮೇಡಂ ಕನ್ನಡಕ ತೆಗೆದ್ರು. "ಇನ್ನು ಅಳಿಸೋಕೆ ನಿಮ್ಮ ಹೆಸರೊಂದೇ ಬಾಕಿ ಕಣ್ರೀ. ಅದನ್ನ ಸಾಹೇಬ್ರೇ ಅಳಿಸ್ತಾರೆ ಬಿಡಿ."

೪. ಸೋಮವಾರ

ಶನಿವಾರ, ಭಾನುವಾರ ಗಂಗಾನಗರದ ಮನೇಲಿ ಅನ್ನ ಸೇರಲಿಲ್ಲ. ಭಾನುವಾರ ಸಾಯಂಕಾಲ ಉಪಾಯ ಹೊಳೀತು. ನಮ್ಮ ಆಫೀಸಲ್ಲಿ ಹನ್ನೆರಡು ಜನಕ್ಕೂ ಸರ್ವರ್‌ಗೆ ಒಂದೇ ಲಾಗಿನ್ನು. ಬೇರೆ ಬೇರೆ ಮಾಡಿ ಅಂತ ನಾನು ಬಡ್ಕೊಂಡ್ರೂ, "ಒಂದೇ ಮನೆಯೋರಿಗೆ ಹನ್ನೆರಡು ಬೀಗ ಯಾಕ್ರೀ?" ಅಂದಿದ್ರು ಮೇಡಂ. ಸರಿ, ನನ್ನ ಸೆಟ್ಟಿಂಗನ್ನೆಲ್ಲ ಮನೆಯಿಂದಲೇ ಆ ಲಾಗಿನ್ನಿಗೇ ಹಾಕಿಬಿಟ್ಟೆ. ಇನ್ನು ಯಾವ ಮಿಷನ್ನಲ್ಲಿ ಕೂರಿಸಿದ್ರೂ ನಾನೇ ರಾಜ.

ಸೋಮವಾರ ಹೆಬ್ಬಾಳದ ಜಾಮಲ್ಲಿ ಸಿಕ್ಕಿ ಹತ್ತೂವರೆಗೆ ಒಳಗೆ ಕಾಲಿಟ್ರೆ ಆಫೀಸು ಸಂತೆ ಆಗಿತ್ತು. ಯಾರ ಬಾಣದ ಕೀಯೂ ಸರ್ವರಲ್ಲಿ ಕೆಲಸ ಮಾಡ್ತಿಲ್ಲ. ಪಕ್ಕದ ಸೀಟಿನವನು ಕೀಬೋರ್ಡನ್ನ ತಲೆಕೆಳಗೆ ಮಾಡಿ ಬಡೀತಿದ್ದ. "ಮಗಾ, ಒಂದಕ್ಷರ ತಪ್ಪಿದ್ರೆ ಇಡೀ ಸಾಲು ಅಳಿಸಿ ಬರೀಬೇಕು ಕಣೋ, ಬೆಳಗ್ಗಿಂದ ಇದೇ ಗೋಳು!" ಬಾಣಕ್ಕೆ ರಜೆ ಕೊಟ್ಟಿದ್ದೂ ಆ ಸೆಟ್ಟಿಂಗಿನಲ್ಲೇ ಇತ್ತು ಅನ್ನೋದು ನಂಗೆ ಆಗ ನೆನಪಾಯ್ತು. ಬಾಯಿ ಬಿಡೋದ್ರೊಳಗೆ ದೊಡ್ಡ ಸಾಹೇಬ್ರು ಬಂದೇ ಬಿಟ್ರು.

ನನ್ನನ್ನ ಕೂರಿಸಿದ್ರು. ನಾನು ದೇವರ ಮೇಲೆ ಭಾರ ಹಾಕಿ ಟೈಪ್ ಮಾಡಿದೆ, ಪದ ಪದ ಹಾರಿ ತಿದ್ದಿದೆ, ಎರಡೇ ನಿಮಿಷದಲ್ಲಿ ಮುಗಿಸಿದೆ. ಸಾಹೇಬ್ರು ಸುತ್ತ ನೋಡಿದ್ರು. ಹನ್ನೊಂದು ಜನ ಕೈಕಟ್ಟಿ ನಿಂತಿದ್ರು.

"ಹಾಗಾದ್ರೆ ಇವತ್ತು ಈ ಸರ್ವರಲ್ಲಿ ಕೆಲಸ ಮಾಡಬಲ್ಲೋನು ಇವನೊಬ್ಬನೇನಾ?"

"ಸದ್ಯಕ್ಕೆ ಹೌದು ಸಾರ್," ಅಂದ್ರು ಮೇಡಂ, ಹಲ್ಲು ಕಚ್ಚಿಕೊಂಡು.

"ಇಂಥೋನನ್ನ ಇನ್ನೂ ಪ್ರೊಬೇಷನ್ನಲ್ಲಿ ಇಟ್ಕೊಂಡಿದ್ದೀರಾ? ನಾಳೆ ಬಿಟ್ಟುಹೋದ್ರೆ ಏನ್ ಮಾಡ್ತೀರಿ? ಇವತ್ತೇ ಖಾಯಂ ಮಾಡಿ!"

ಸಾಹೇಬ್ರ ಕಾರು ಗೇಟು ದಾಟಿದ್ದೇ ಮೇಡಂ ಖಾಯಂ ಆರ್ಡರ್ ಹಿಡ್ಕೊಂಡು ಬಂದ್ರು. ಅವರು ದಡ್ಡರಲ್ಲ, ಅಷ್ಟೊತ್ತಿಗೆ ಎಲ್ಲ ಅರ್ಥ ಆಗಿತ್ತು.

"ಮೊದಲು ಆ ದರಿದ್ರ ಸೆಟ್ಟಿಂಗ್ ತೆಗೀರಿ. ಆಮೇಲೆ ಸಹಿ ಹಾಕ್ತೀನಿ."

ನಾನು ಎದ್ದು ನಿಂತು, ತುಂಬ ವಿನಯವಾಗಿ ಜೇಬಿನಿಂದ ಪೆನ್ನು ತೆಗೆದು ಅವರ ಕೈಗೆ ಕೊಟ್ಟೆ.

"ಮೊದಲು ಸಹಿ ಹಾಕಿ ಮೇಡಂ. ಆಮೇಲೆ ತೆಗೀತೀನಿ."