ಪತ್ತಾರರ ಪಾಲಿಸಿ ಕಿವಿ

"ಬರ್ರಿ ಹೊಸಮನಿಯವರ, ಬರ್ರಿ! ಇವತ್ತಿಂದ ಯಾವ ಪಿಂಚಣಿದಾರನೂ ಮೋಸ ಹೋಗಂಗಿಲ್ಲ!"

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪಕ್ಕದ ಮನೆಯ ಮೌನೇಶ ಪತ್ತಾರರು ನನ್ನನ್ನು ಕೈಹಿಡಿದು ಒಳಗೆ ಎಳೆದುಕೊಂಡರು. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವರು ಅವರು. ನಿವೃತ್ತರಾದ ಮೇಲೆ ಯಂತ್ರ ಕಂಡುಹಿಡಿಯುತ್ತಾರೆ. ಹೋದ ವರ್ಷದ್ದು ಬೆಳ್ಳುಳ್ಳಿ ಸುಲಿಯುವ ಯಂತ್ರ. ಅದು ಬೆಳ್ಳುಳ್ಳಿ ಮುಗಿಸಿ, ಕೈ ಖಾಲಿ ಎಂದು ಅಡುಗೆಮನೆಯ ಗೋಡೆಯನ್ನೂ ಸುಲಿದಿತ್ತು.

ಈ ಸಲ ಮೇಜಿನ ಮೇಲೆ ಬಸ್ಸಿನ ಬ್ಯಾಟರಿ, ಕಾಗದ ತೂರಿಸುವ ಒಂದು ಪೆಟ್ಟಿಗೆ, ಎರಡು ಸ್ಟೀಲ್ ಡಬ್ಬಿಯ ಮುಚ್ಚಳಗಳಿಂದ ಮಾಡಿದ ಕಿವಿಗವಸು.

"ಇದು ಪಾಲಿಸಿ ಕಿವಿ! ವಿಮಾ ಕಂಪನಿ ಕಾಗದ ಇದರಾಗ ಹಾಕೂದು. ಯಂತ್ರ ಷರತ್ತೆಲ್ಲಾ ಓದಿಕೋತೈತಿ. ಆಮ್ಯಾಲ ಸುತ್ತಲಿನ ಸದ್ದೇ ಆಸ್ಪತ್ರಿ ಬಿಲ್ಲು. ನನ್ನ ಕಿವಿಗೆ ಬೀಳೂದೇ ಕಂಪನಿ ಕೊಡೂ ರೊಕ್ಕ! ಒಂದು ವರ್ಷಕ್ಕ ಒಂದು ತಾಸು."

"ಸುಮ್ನ ಓದಿದ್ರ ಆಗೂದಿಲ್ಲೇನ್ರೀ?" ಎಂದರು ಅವರ ಹೆಂಡತಿ ಕಾಳಮ್ಮ ವೈನಿ, ಮಂಚದ ಮೇಲೆ ಮೊಣಕಾಲು ನೀವಿಕೊಳ್ಳುತ್ತ.

"ಓದಿದ್ರ ತಿಳೀಬಾರ್ದು ಅಂತನ ಹಂಗ ಬರೀತಾರ!"

ವೈನಿಯ ಎರಡೂ ಮೊಣಕಾಲು ಸವೆದಿದ್ದವು. ಒಂದೇ ವರ್ಷದಲ್ಲಿ ಎರಡು ಆಪರೇಷನ್ ಆಗಬೇಕು, ಒಂದೊಂದಕ್ಕೆ ಎರಡೂವರೆ ಲಕ್ಷ ರೂಪಾಯಿ ಎಂದು ಡಾಕ್ಟರು ಹೇಳಿದ್ದರು. ಅವರಿಗಿದ್ದ ಮೂಲ ವಿಮೆ ವರ್ಷಕ್ಕೆ ಮೂರು ಲಕ್ಷದ್ದು. ಉಳಿದದ್ದಕ್ಕೆ ಪಿಂಚಣಿದಾರರ ಸಂಘವು ಮೂರು ಕಂಪನಿಗಳ ಹೆಚ್ಚುವರಿ ವಿಮೆಯನ್ನು ಮುಂದಿಟ್ಟಿತ್ತು: ನೀಲಿ ಕಾಗದದ್ದು ವರ್ಷಕ್ಕೆ ಮೂರು ಸಾವಿರದ ಒಂಬೈನೂರು, ಹಳದಿಯದ್ದು ನಾಲ್ಕು ಸಾವಿರದ ಎಂಟುನೂರು, ಹಸಿರಿನದ್ದು ಏಳು ಸಾವಿರದ ಮುನ್ನೂರು. ಅರವತ್ತಾರು ತುಂಬಿದವರನ್ನು ಮೂರೂ ಕಂಪನಿಗಳು ಸೇರಿಸಿಕೊಳ್ಳುವುದಿಲ್ಲ. ವೈನಿಗೆ ಮರುದಿನವೇ ಅರವತ್ತಾರು! ಅರ್ಜಿ ಆ ಸಂಜೆ ಐದರೊಳಗೆ ಸಂಘದ ಕಚೇರಿ ಮುಟ್ಟಬೇಕಿತ್ತು. ಸಿಕ್ಕ ಒಂದು ತಿಂಗಳನ್ನು ಪತ್ತಾರರು ಯಂತ್ರ ಕಟ್ಟುವುದರಲ್ಲಿ ಕಳೆದಿದ್ದರು.

ಅವರು ನೀಲಿ ಕಾಗದ ತೂರಿಸಿದರು. ಕಿವಿಗವಸು ಟಕ್ಕೆಂದು ಬಿಗಿದುಕೊಂಡಿತು.

"ಹೆಂಗೈತ್ರೀ?" ಎಂದೆ.

ಅವರು ನನ್ನ ಬಾಯನ್ನೇ ನೋಡಿದರು. "ಮಾತಾಡ್ರಿ ಹೊಸಮನಿಯವರ, ನಾಚಬ್ಯಾಡ್ರಿ."

ವೈನಿ ಕರೆದರು. ಕೇಳಲಿಲ್ಲ. ತಟ್ಟೆ ಬಡಿದರು. ಅದೂ ಕೇಳಲಿಲ್ಲ, ಹಳೆಯ ತಟ್ಟೆ. ಅಷ್ಟರಲ್ಲಿ ಬೀದಿಯಲ್ಲಿ "ರಾಜಗಿರೀ ಪಲ್ಯಾ!" ಎಂದು ಸೊಪ್ಪು ಮಾರುವ ಹೊಸ ದನಿಯೊಂದು ಕೂಗಿತು. ಪತ್ತಾರರು ಪುಟಿದೆದ್ದರು.

"ಆಹಾ! ಏನ್ ಚಲೋ ದನಿ!"

ನಾನು ನೀಲಿ ಕಾಗದದ ಪ್ರತಿ ತೆಗೆದು ನೋಡಿದೆ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷ ಹಣವಿಲ್ಲ ಎಂದು ಆರನೆಯ ಪುಟದಲ್ಲಿತ್ತು. ಅಂದರೆ ಮೊದಲೇ ಪರಿಚಯವಿರುವ ಯಾವ ಸದ್ದೂ ಮೂರು ತಾಸು ಕೇಳುವುದಿಲ್ಲ!

"ನಲವತ್ತೆರಡು ವರ್ಷ ಬಾಳ್ವಿ ಮಾಡೀನಿ," ಎಂದರು ವೈನಿ, "ನನ್ನ ದನಿ ಮೊದಲೇ ಇದ್ದ ಕಾಯಿಲೆ ಆತೇನು?"

ಕಿವಿಗವಸು ಬಿಚ್ಚೋಣವೆಂದರೆ ಆ ಮೂರು ತಾಸಿನ ಅವಧಿ ಮುಗಿಯುವವರೆಗೆ ಬೀಗ. ಖರೇ ಅನುಭವ ಬೇಕೆಂದು ಪತ್ತಾರರೇ ಇಟ್ಟ ಬೀಗ! ಕೊನೆಗೆ ಪಲ್ಯ ಮಾರುವಾಕೆಯನ್ನು ಒಳಗೆ ಕರೆದೆವು. ವೈನಿ ಆಕೆಗೆ ಹೇಳುವುದು, ಆಕೆ ಪತ್ತಾರರಿಗೆ ಹೇಳುವುದು.

"ಊಟಕ್ಕ ಏಳ್ಬೇಕಂತ್ರಿ, ಅಜ್ಜಾರ."

"ಆತವ್ವಾ, ಆತು! ಇಷ್ಟು ಸಮಾಧಾನದಿಂದ ಈ ಮನ್ಯಾಗ ನನ್ನ ಯಾರೂ ಊಟಕ್ಕ ಕರ್ದಿಲ್ಲ!"

ವೈನಿ ಆ ದಿನ ಪಲ್ಯ ಕೊಳ್ಳಲಿಲ್ಲ.

ಎರಡು ಗಂಟೆಗೆ ಬೀಗ ತೆರೆಯಿತು. ನೀಲಿ ಕಾಗದ ಒಲೆಯ ಕಡೆ ಹೋಯಿತು. ಪತ್ತಾರರು ಹಳದಿಯನ್ನು ತೂರಿಸಿದರು.

ಇದು ಟಾಪ್-ಅಪ್. ಒಂದು ಬಿಲ್ಲು ಮೂರು ಲಕ್ಷ ದಾಟಿದರೆ, ದಾಟಿದಷ್ಟನ್ನು ಮಾತ್ರ ಕಂಪನಿ ಕೊಡುತ್ತದೆ. ವೈನಿ "ರೀ" ಎಂದರು. ಇಲ್ಲ. "ರೀ!" ಎಂದರು. ಇಲ್ಲ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ರೀ!!!" ಎಂದು ಕೂಗಿದರು. ಕಿಟಕಿಯ ಗಾಜು ನಡುಗಿತು. ಎದುರುಮನೆಯ ನಾಯಿ ಎದ್ದು ಬೇರೆ ಓಣಿಗೆ ಹೋಯಿತು.

ಪತ್ತಾರರ ಮುಖ ಅರಳಿತು. "ಕಾಳೀ! ಎಷ್ಟು ಮೆತ್ತಗ ಕರದಿ! ಲಗ್ನ ಆದ ಹೊಸದರಾಗ ಹಿಂಗ ಕರೀತಿದ್ದಿ!"

ಮಿತಿ ಕಳೆದು ಅವರಿಗೆ ಉಳಿದದ್ದು ಅಷ್ಟೇ.

"ಮತ್ತೊಮ್ಮೆ ಹೇಳಬೇಕಾದ್ರ?" ವೈನಿ ನನ್ನನ್ನು ಕೇಳಿದರು.

"ಮತ್ತ ಮೊದಲಿಂದ ಕೂಗಬೇಕ್ರಿ. ಒಂದೊಂದು ಬಿಲ್ಲಿಗೂ ಬ್ಯಾರೆ ಬ್ಯಾರೆ ಮಿತಿ."

ವೈನಿ ಕೂತು ಬೆರಳು ಮಡಚಿದರು. "ಹಂಗಂದ್ರ ಈ ಮೊಣಕಾಲು ಎರಡೂವರಿ ಲಕ್ಷ, ಮೂರು ದಾಟಲಿಲ್ಲ. ಆ ಮೊಣಕಾಲೂ ಎರಡೂವರಿ, ಅದೂ ದಾಟಲಿಲ್ಲ. ಎರಡೂ ಸೇರಿ ಐದಾದ್ರೂ ಕಂಪನಿ ಕಿವುಡು!"

"ಹೌದ್ರಿ ವೈನಿ. ಹಸಿರಿನ್ಯಾಗ ಇಡೀ ವರ್ಷದ್ದು ಕೂಡಿಸ್ತಾರ. ಸೂಪರ್ ಟಾಪ್-ಅಪ್ ಅಂತಾರ. ಮೊದಲೇ ಇದ್ದ ಕಾಯಿಲೆಗೂ ಕಾಯಿಸೂದಿಲ್ಲ, ಮ್ಯಾಲಿನ ಎರಡು ಲಕ್ಷ ಬರ್ತೈತಿ."

"ಸಿಕ್ತಲ್ಲಾ! ನಡೀರಿ, ಹಸಿರು ಬರದು ಕೊಡೂಣು."

ಆದರೆ ಮೂರಕ್ಕೆ ಬೀಗ ತೆರೆದದ್ದೇ ತಡ, ಪತ್ತಾರರು ಹಸಿರನ್ನೂ ತೂರಿಸಿಬಿಟ್ಟರು! "ಪರೀಕ್ಷಾ ಮಾಡದೇ ರೊಕ್ಕ ಕೊಡಂಗಿಲ್ಲ!"

ಇಪ್ಪತ್ತು ನಿಮಿಷ ಏನೂ ಕೇಳಲಿಲ್ಲ. ವೈನಿ ಮನಸಾರೆ ಬೈದರು, ಕುಕ್ಕರ್ ಸೀಟಿ ಹಾಕಿತು, ನಾನು ಕೆಮ್ಮಿದೆ. ಎಲ್ಲವೂ ಲೆಕ್ಕಕ್ಕೆ ಸೇರುತ್ತ ಹೋಯಿತು. ಮೂರೂ ಇಪ್ಪತ್ತಕ್ಕೆ ಮಿತಿ ದಾಟಿತು. ಆಮೇಲೆ ಪತ್ತಾರರಿಗೆ ಕೇಳದ್ದೇ ಇಲ್ಲ! ವಿಮೆಯ ಗರಿಷ್ಠ ಮೊತ್ತ ಬರೆದಿದ್ದ ಹಾಳೆ ಇನ್ನೊಂದಕ್ಕೆ ಅಂಟಿಕೊಂಡು, ಯಂತ್ರ ಅದನ್ನು ಓದಿರಲೇ ಇಲ್ಲ, ಹಾಗಾಗಿ ಕೇಳಿಸುವುದಕ್ಕೆ ಎಲ್ಲೆಯೇ ಇರಲಿಲ್ಲ.

"ಸಕ್ಕರಿ ಡಬ್ಬ್ಯಾಗ ಇರುವಿ ನಡ್ಯಾಕತ್ತಾವ! ಹೊಸಮನಿಯವರ, ನಿಮ್ಮ ಹೊಟ್ಟ್ಯಾಗ ಉಪ್ಪಿಟ್ಟು ಇನ್ನೂ ಕರಗಿಲ್ಲ!"

ವೈನಿ ಗೋಡೆಯ ಕಡೆ ತಿರುಗಿ ತುಟಿ ಅಲುಗಿಸಿದರು. ನನಗಂತೂ ಏನೂ ಕೇಳಲಿಲ್ಲ. ಪತ್ತಾರರಿಗೆ ಮಾತ್ರ ಕೇಳಿತು. ಹೋಗಿ ಮಂಚದ ತುದಿಯಲ್ಲಿ ಕೂತರು.

"ಆಪರೇಷನ್‌ಗೆ ಅಂಜಿಕಿ ಆಗ್ತೈತಿ ಅಂತ ನಂಗ ಯಾಕ ಹೇಳಲಿಲ್ಲ, ಕಾಳೀ?"

"ವರ್ಷದಿಂದ ಹೇಳಾಕತ್ತೀನ್ರೀ. ಮೆತ್ತಗ ಹೇಳಿದ್ದೆ."

ನಾನು ಗಡಿಯಾರ ನೋಡಿದೆ. ಅಷ್ಟರಲ್ಲಿ ಅದು ನಾಲ್ಕು ಹೊಡೆಯಿತು.

ಬೀಗ ತೆರೆಯಬೇಕಿತ್ತು. ತೆರೆಯಲಿಲ್ಲ. ಹಸಿರು ಕಾಗದದ ಕೊನೆಯ ಸಾಲು ಓದಿದೆ: ಅವಧಿ ಮುಗಿದೊಡನೆ ತಾನಾಗಿ ನವೀಕರಣ, ಜೀವನಪರ್ಯಂತ! ಪತ್ತಾರರು ಮತ್ತೆ ಕಿವುಡಾದರು. ಅವರನ್ನೂ ಬ್ಯಾಟರಿಯನ್ನೂ ವೈನಿಯನ್ನೂ ಆಟೋಗೆ ಹೇರಿಕೊಂಡು ಹೊರಟೆ. ಹುಬ್ಬಳ್ಳಿಯ ರಸ್ತೆಯಲ್ಲಿ ಮಿತಿ ದಾಟಲು ಮೂರು ಸಿಗ್ನಲ್ ಸಾಕಾದವು.

ನಾಲ್ಕೂ ನಲವತ್ತು. ಸಂಘದ ಕಚೇರಿಯಲ್ಲಿ ಗಾಜಿನ ಆಚೆ ಏಜೆಂಟ ಕೂತಿದ್ದ.

"ಹಸಿರು ಫಾರ್ಮ್ ಖಾಲಿ ಆಗ್ಯಾವ್ರಿ ಅಮ್ಮಾರ. ಹಳದಿ ತುಂಬ್ರಿ, ಅಗ್ಗ ಐತಿ." ಹೀಗೆಂದು ಪಕ್ಕದವನ ಕಡೆ ಬಾಗಿ ಏನೋ ಪಿಸುಗುಟ್ಟಿದ.

ಪತ್ತಾರರು ಗಾಜಿಗೆ ಮೂಗು ಒತ್ತಿದರು. "ಕೆಳಗಿನ ಖಾನೇದಾಗ ಹನ್ನೊಂದು ಹಸಿರು ಫಾರ್ಮ್ ಅದಾವು ಅಂದ್ಯಲ್ಲೋ! ಹಳದಿಗೆ ಕಮಿಷನ್ ಜಾಸ್ತಿ ಅಂತಲೂ ಅಂದಿ!"

ಏಜೆಂಟ ಡಬ್ಬಿ ಮುಚ್ಚಳ ಹೊತ್ತ ಆ ತಲೆಯನ್ನು ನೋಡಿದ, ಬ್ಯಾಟರಿಯನ್ನು ನೋಡಿದ, ಕೆಳಗಿನ ಖಾನೆ ಎಳೆದ. ನಾಲ್ಕೂ ಐವತ್ತೆರಡಕ್ಕೆ ವೈನಿಯ ಕೈಗೆ ರಸೀದಿ ಬಂತು.

ಕಿವಿಗವಸು ಇನ್ನೂ ಬಿಚ್ಚಿಲ್ಲ. ಬಸ್ಸಿನ ಬ್ಯಾಟರಿ ಗಟ್ಟಿ ಮಾಲು. ತಾಸಿಗೊಮ್ಮೆ ನವೀಕರಣ, ಮೊದಲ ಇಪ್ಪತ್ತು ನಿಮಿಷ ಪೂರ್ತಿ ಕಿವುಡು, ಉಳಿದ ನಲವತ್ತು ನಿಮಿಷ ಪಿಸುಮಾತೂ ಕೇಳುತ್ತದೆ. ವೈನಿಗೆ ಅದು ರೂಢಿಯಾಗಿದೆ. ಬೈಗುಳವನ್ನೆಲ್ಲ ಅವರು ಮೊದಲ ಇಪ್ಪತ್ತು ನಿಮಿಷದಲ್ಲೇ ಮುಗಿಸುತ್ತಾರೆ. ಗಂಡನಿಗೆ ಬೇಸರವಿಲ್ಲ, ಮಿತಿಗೂ ಜಮಾ ಆಗುತ್ತದೆ.