ಚಾಯ್ಸಿಗೆ ಬಿಟ್ಟ ಮಡಿಕೇರಿ

ವೈದ್ಯಕೀಯ ಸೀಟು ಹಂಚುವ ಗಣಕಯಂತ್ರ ಸಾಹೇಬರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ವಾಡಿಯ ಅಂಬರಾಯನ ಶರಣು ಶರಣಾರ್ಥಿ. ತಾವು ಕರೆಂಟು ಕಡಿಯದೆ, ಮೈ ಬಿಸಿಯಾಗದೆ, ಸರ್ವರ್ ಮಲಗದೆ ಸೌಖ್ಯವಾಗಿರುವಿರೆಂದು ನಂಬಿದ್ದೇನೆ. 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರು ಮಾಡುವವನಿದ್ದೆ. ಆದರೆ ನಮ್ಮ ಇಂಗ್ಲಿಷ್ ಮಾಸ್ತರರು ಅಲ್ಲಿಯವರೆಗೆ ಕಲಿಸಿ ವರ್ಗವಾಗಿ ಹೋದದ್ದರಿಂದ ಮುಂದಿನದನ್ನು ಕನ್ನಡದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಮಗಳು ಸುನಿತಾ ಡಾಕ್ಟರಾಗುವಷ್ಟು ರ‍್ಯಾಂಕು ತಂದಳು. ಯಾವ ಕಾಲೇಜು ಎಂದು ಕೇಳುತ್ತ ತಾವು 'ಎಂಟರ್ ಯುವರ್ ಚಾಯ್ಸಸ್' ಎಂದು ಅಪ್ಪಣೆ ಕೊಡಿಸಿದಿರಿ. ಮಾನ್ಯರೇ, ಚಾಯ್ಸ್ ಎಂಬ ಶಬ್ದ ನನಗೆ ಹೊಸದಲ್ಲ. ಪರೀಕ್ಷೆಗೆ ಓದಲಾಗದ ಪಾಠವನ್ನು ನಾವು ಚಾಯ್ಸಿಗೆ ಬಿಡುತ್ತಿದ್ದೆವು. ಇಂಗ್ಲಿಷ್ ಪದ್ಯಗಳನ್ನೆಲ್ಲ ಹಾಗೆ ಬಿಟ್ಟುಬಿಟ್ಟೇ ನಾನು ಬಿ.ಎ. ಆದವನು. ಆದ್ದರಿಂದ ಬಿಡಬೇಕಾದ ಕಾಲೇಜುಗಳನ್ನೇ ತಾವು ಕೇಳುತ್ತಿದ್ದೀರೆಂದು ತಿಳಿದು, ಹಾಜಿಸಾಬರ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು, ಮಗಳನ್ನು ಕಳಿಸಲು ಮನಸ್ಸಿಲ್ಲದ ಊರುಗಳನ್ನೆಲ್ಲ ಕ್ರಮವಾಗಿ ತುಂಬಿದೆ. ವಾಡಿ ರೈಲ್ವೆ ಜಂಕ್ಷನ್ನಿನಲ್ಲಿ ಹುಟ್ಟಿ ಬೆಳೆದವನಿಗೆ ರೈಲೇ ಇಲ್ಲದ ಊರಿಗಿಂತ ದೂರದ ಊರು ಯಾವುದು? ಹಾಗಾಗಿ ಮಡಿಕೇರಿ ಮೊದಲು, ಆಮೇಲೆ ಚಾಮರಾಜನಗರ, ಕಾರವಾರ. ಇಲ್ಲೇ ಮಗ್ಗುಲಲ್ಲಿರುವ ಕಲಬುರಗಿಯನ್ನು ಎಲ್ಲೂ ಬರೆಯದೆ ಜೋಪಾನವಾಗಿ ಉಳಿಸಿಕೊಂಡೆ.

"ಅಂಬರಾಯಣ್ಣ, ದೂರದ್ದೇ ಮೊದಲ ಹಾಕ್ಲಿಕತ್ತೀರಲ್ರಿ?" ಎಂದು ಹಾಜಿಸಾಬರು ಕೇಳದೇ ಇರಲಿಲ್ಲ. "ಭಾಳ ಕಠಿಣ ಪಾಠ ಮೊದಲ ಚಾಯ್ಸಿಗಿ ಬಿಡಬೇಕ್ರಿ" ಎಂದೆ. ಡಿಗ್ರಿ ಓದಿದವರ ಮಾತೆಂದು ಅವರು ತಲೆಯಾಡಿಸಿ ಪ್ರಿಂಟು ತೆಗೆದುಕೊಟ್ಟರು.

ತಾವು ಮಡಿಕೇರಿಯನ್ನೇ ಕೊಟ್ಟಿರಿ. ನಲವತ್ತು ವರ್ಷಗಳಿಂದ ನಮ್ಮ ತಾಲೂಕು ಚಿತ್ತಾಪುರದ ಕಚೇರಿಗಳ ಕಟ್ಟೆ ಹತ್ತಿ ಇಳಿದವನು ನಾನು. ಬರೆದುಕೊಟ್ಟದ್ದನ್ನು ಬರೆದ ಹಾಗೆಯೇ, ಅದೂ ಮೊದಲನೆಯ ಅರ್ಜಿಗೇ, ಒಂದು ಚಹಾ ಕೂಡ ಕುಡಿಯದೆ ಮಂಜೂರು ಮಾಡಿದವರು ತಾವೊಬ್ಬರೇ. ಇಂಥ ಪ್ರಾಮಾಣಿಕರಿಂದ ಬಡವರಿಗೆ ಎಷ್ಟು ಅಪಾಯವೆಂದು ನನಗೆ ಈಗ ತಿಳಿಯಿತು.

ಆದ್ದರಿಂದ ಒಂದು ಸಣ್ಣ ವಿನಂತಿ. ಕಾಲೇಜೆಂದರೆ ಏನು? ಸಿಮೆಂಟು ಮತ್ತು ಹಾಸುಗಲ್ಲು. ಸಿಮೆಂಟು ನಮ್ಮ ವಾಡಿ, ಕೋಡ್ಲಾ ಕಡೆಯಿಂದ ಲೋಕಕ್ಕೆಲ್ಲ ಹೋಗುತ್ತದೆ. ಹಾಸುಗಲ್ಲು ಶಹಾಬಾದಿನಿಂದ ಹೋಗುತ್ತದೆ. ಅಂದಮೇಲೆ ಅದು ದಾರಿ ತಪ್ಪಿ ಮಡಿಕೇರಿಗೆ ಹೋಗಿ ಕುಳಿತ ನಮ್ಮದೇ ಕಾಲೇಜು. ದಯಮಾಡಿ ಅದನ್ನು ರೈಲು ಸಿಗುವವರೆಗೆ ಲಾರಿಯಲ್ಲಿ, ಆಮೇಲೆ ಗೂಡ್ಸ್ ರೈಲಿನಲ್ಲಿ ಹೇರಿ ಹಿಂದಕ್ಕೆ ಕಳಿಸಿಕೊಡಬೇಕು. ಜೊತೆಯಲ್ಲಿ ಮಳೆಯೂ ಬಂದರೆ ಚಿಂಚೋಳಿಯವರು ಇಳಿಸಿಕೊಳ್ಳಲಿ, ಅಲ್ಲಿ ತೊಗರಿ ಬಾಡುತ್ತಿದೆ.

ಇದನ್ನೆಲ್ಲ ಬರೆಯುವ ಮೊದಲು ಮಗಳ ಮುಂದೆ ತಪ್ಪು ಒಪ್ಪಿಕೊಳ್ಳೋಣವೆಂದು, "ಘಾತ ಆಗ್ಯಾದವ್ವ, ನಾ ಉಲ್ಟಾ ತುಂಬೀನಿ" ಎಂದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. "ನೀ ತುಂಬಿದ ದಿನಾನೇ ನೋಡೀನಪ್ಪ. ತಿದ್ದಲಿಕ್ಕ ಮೂರು ದಿನ ಟೈಮ್ ಇತ್ತು. ನಾನೇ ತಿದ್ದಲಿಲ್ಲ."

ಕಾರಣ ಕೇಳಿದೆ. "ಕಲಬುರಗಿ ಸಿಕ್ಕಿದ್ರ ನೀ ದಿನಾ ಪ್ಯಾಸೆಂಜರಿಗಿ ಬುತ್ತಿ ಹಿಡಕೊಂಡು ಬರ್ತಿದ್ದಿ. ಹೆಣ ಕೊಯ್ಯೋ ಖೋಲಿಗೂ ಬಂದು, ರೊಟ್ಟಿ ತಿಂದಿ ಏನವ್ವ ಅಂತಿದ್ದಿ."

ಇದು ಶುದ್ಧ ಸುಳ್ಳು ಆರೋಪ. ನನ್ನ ಹೆಂಡತಿ ಅಂಬುಬಾಯಿ ತೀರಿಕೊಂಡ ಈ ಆರು ವರ್ಷಗಳಲ್ಲಿ ಮಗಳ ಹಿಂದೆ ರೊಟ್ಟಿ ಹಿಡಿದು ಓಡಿದ್ದು ಶಾಲೆಯ ಗೇಟಿನವರೆಗೆ ಮಾತ್ರ. ಒಳಗೆ ಹೋದದ್ದು ಎರಡೋ ಮೂರೋ ಸಲ. ತಿಂಗಳ ರೈಲು ಪಾಸಿನ ದರ ವಿಚಾರಿಸಿಕೊಂಡು ಬಂದದ್ದು ನಿಜ, ವಿಚಾರಿಸುವುದು ಅಪರಾಧವೇ?

ಇಂದು ಸಂಜೆ ನಾಲ್ಕರೊಳಗೆ ಅವಳು ಸೀಟು ಒಪ್ಪಬೇಕಂತೆ. ಬೇರೆ ದಿನ ಯಾರೂ ಕೇಳದಿದ್ದರೂ ಗಂಟೆಗಟ್ಟಲೆ ಕೆಟ್ಟು ನಿಲ್ಲುವ ತಾವು, ಇಂದು ಒಬ್ಬ ತಂದೆ ಕೈಮುಗಿದು ಕೇಳುತ್ತಿರುವಾಗ ನಾಲ್ಕು ಗಂಟೆ ಐದು ನಿಮಿಷದವರೆಗೆ ಕೆಡಬೇಕೆಂದು ಪ್ರಾರ್ಥನೆ.

ತಮಗಿಂತ ಮಗಳಿಗೇ ಹೆಚ್ಚು ಹೆದರುವ,
ತಮ್ಮ ವಿಶ್ವಾಸಿ,
ಅಂಬರಾಯ, ವಾಡಿ

ತಾ.ಕ.: ಪತ್ರ ಮುಗಿಯುವಷ್ಟರಲ್ಲಿ ಸುನಿತಾ ಒಪ್ಪಿಗೆಯ ಬಟನ್ ಒತ್ತಿಬಿಟ್ಟಳು, ತಾವು ಕೆಡಲಿಲ್ಲ, ಆರೋಗ್ಯವಂತರು. ಅದರ ಮುಂದಿನ ಪುಟದಲ್ಲಿ 'ಜೊತೆಗೆ ಬರುವವರು' ಎಂಬಲ್ಲಿ ತಂದೆ, ತಾಯಿ, ಪಾಲಕರು ಎಂದು ಮೂರೇ ಕೊಟ್ಟಿದ್ದೀರಿ. 'ತಂದೆ, ವಾಡಿ ಪ್ಲಾಟ್‌ಫಾರ್ಮಿನವರೆಗೆ ಮಾತ್ರ' ಎಂಬ ನಾಲ್ಕನೆಯದೊಂದನ್ನು ದಯಮಾಡಿ ಬೇಗ ಸೇರಿಸಿ. ಅವಳು ಅದಕ್ಕೇ ಟಿಕ್ ಮಾಡುತ್ತೇನೆಂದು ಕುಳಿತಿದ್ದಾಳೆ.