ಭೂಗೋಳದ ಭಾವನವರಿಗೆ ಆದ ಅನ್ಯಾಯಗಳು

ಓದಿದ ಮನುಷ್ಯನನ್ನು ನಮ್ಮ ಕಡೆಯ ಜನ ನೆಮ್ಮದಿಯಾಗಿ ಇರಗೊಡುವುದಿಲ್ಲ. ನಮ್ಮ ಅಕ್ಕನ ಗಂಡ ಭೂಗೋಳ ಓದಿ ವಿಶ್ವವಿದ್ಯಾಲಯದಲ್ಲಿ ಲೈಬ್ರೇರಿಯನ್ ಆಗಿದ್ದವರು. ಹೋದ ಕಾರ್ತಿಕದಲ್ಲಿ ಶಿವನ ಪಾದ ಸೇರಿದರು. ಬಾಳೆಲ್ಲ ಇದನ್ನೇ ಅನುಭವಿಸಿದರು. ಅಜ್ಜೀಪುರದ ಸ್ಕೂಲಿನಲ್ಲಿ ಏಳನೇ ಕ್ಲಾಸು ಮುಗಿಸಿದ ನಾನು ಪಕ್ಕದಲ್ಲಿ ನಿಂತು ನೋಡಿದೆ. ಅವರ ಆಸೆ ಒಂದೇ ಇತ್ತು: ತಾವು ಬರೆದ ಒಂದು ನಕ್ಷೆಯನ್ನು ನಮ್ಮ ಜನ ನೋಡಿ ಉಪಯೋಗಿಸಬೇಕು. ಅದರ ಗತಿ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ನಾನು ಇದನ್ನೆಲ್ಲ ಸಿಟ್ಟಿನಿಂದಲೇ ಹೇಳುವುದು. ಕೇಳಿದವರು ನಗುತ್ತಾರೆ. ನನಗೆ ಅದಕ್ಕೂ ಸಿಟ್ಟು.

೧. ಕಾವಲು ಕೆಲಸ

ಭಾವ ಯಳಂದೂರಿನಿಂದ ಹೆಣ್ಣು ನೋಡಲು ಬಂದಿದ್ದರು. ನಮ್ಮ ದೊಡ್ಡಪ್ಪ ಎಲೆಅಡಿಕೆ ಮೆಲ್ಲುತ್ತ ವಿಚಾರಣೆಗೆ ಕೂತರು.

"ಏನ್ ಕೆಲ್ಸ ಮಾಡ್ತೀಯಪ್ಪ?"

"ಯೂನಿವರ್ಸಿಟಿ ಲೈಬ್ರರಿ ನೋಡ್ಕತೀನಿ."

"ಅಂದ್ರೆ ಪುಸ್ತಕ ಕಾಯೋದಾ?"

"ಒಂಥರಾ ಹಂಗೇ."

ನಮ್ಮ ಮನೆಗೆ ಬಂದ ವರನನ್ನು ಕಾವಲುಗಾರನ ಲೆಕ್ಕಕ್ಕೆ ಇಳಿಸಿಬಿಟ್ಟರಲ್ಲ ಎಂದು ನನಗೆ ಮೈ ಉರಿಯಿತು. ದೊಡ್ಡಪ್ಪ ಬಿಡಲಿಲ್ಲ. "ಅಲ್ಲಿ ಕಳ್ಳಕಾಕ್ರು ಜಾಸ್ತಿನಾ?"

ಭಾವ ಯೋಚಿಸಿ ಹೇಳಿದರು: "ಕಳ್ರು ಕಮ್ಮಿ. ಪ್ರೊಫೆಸರ್‌ಗಳು ಜಾಸ್ತಿ."

೨. ಬೀರುವಿನ ಮೂರನೇ ಅರೆ

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ಲೈಬ್ರರಿಯಲ್ಲಿ ನಕ್ಷೆಗಳದ್ದೇ ಒಂದು ಕೋಣೆ. ಅಲ್ಲಿಂದ ಹನೂರು, ಮಾದಪ್ಪನ ಬೆಟ್ಟದ ಸೀಮೆಯ ಹಾಳೆಯನ್ನು ಒಬ್ಬ ಪ್ರೊಫೆಸರು ಒಯ್ದು ಮೂರು ವರ್ಷವಾದರೂ ಕೊಟ್ಟಿರಲಿಲ್ಲ. ಭಾವ ಅವರ ಮನೆಗೇ ಹೋದರು. ನೋಡಿದರೆ, ಹಾಳೆ ಬೀರುವಿನ ಮೂರನೇ ಅರೆಯಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹಾಸಿದೆ! ನಾಡಿನ ನಕ್ಷೆಯನ್ನು ಸೀರೆಗೆ ಹಾಸುವುದೆಂದರೇನು?

ಪ್ರೊಫೆಸರು ನಾಚದೆ ಹೇಳಿದರಂತೆ: "ಜೋಪಾನವಾಗಿದೆ. ಯಾರಿಗೆ ಬೇಕೋ ಅವರು ಬಂದು ನೋಡಿಕೊಂಡು ಹೋಗಲಿ."

"ಆಗಲಿ ಸಾರ್" ಎಂದು ಭಾವ ಎದ್ದು ಬಂದರು. ಮರುದಿನ ನಕ್ಷೆ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: 'ಹನೂರು ಹಾಳೆ ಪ್ರೊಫೆಸರರ ಮನೆಯಲ್ಲಿದೆ. ಮಲಗುವ ಕೋಣೆ, ಬೀರು, ಮೂರನೇ ಅರೆ. ವಿದ್ಯಾರ್ಥಿಗಳು ಹೋಗಿ ನೋಡಬಹುದು.'

ಹಾಳೆ ಸಂಜೆಯೊಳಗೆ ವಾಪಸ್ ಬಂತು. ಜೊತೆಗೆ ಒಂದು ರವಿಕೆ ಕಣವೂ ಬಂತು.

೩. ಏಣಿ

ಭಾವ ನಿವೃತ್ತರಾಗಿ ಕೊಳ್ಳೇಗಾಲದಲ್ಲಿ ಮನೆ ಮಾಡಿದರು. ಒಮ್ಮೆ ನಾನು ಹೆಂಚು ಕೈಯಾಡಿಸಲು ಅವರ ಬಿದಿರು ಏಣಿ ತಂದಿದ್ದೆ. ತಿಂಗಳಿಗೆ ನನಗೊಂದು ಕಾರ್ಡು ಬಂತು: 'ಏಣಿ ಒಂದು. ಹಿಂತಿರುಗಿಸುವ ದಿನ ಮೀರಿದೆ.' ಪೋಸ್ಟ್‌ಮ್ಯಾನ್ ಅದನ್ನು ಬೀದಿಗೆಲ್ಲ ಓದಿ ಹೇಳಿ ಆಮೇಲೆ ನನಗೆ ಕೊಟ್ಟ.

ಇಲ್ಲಿ ಅನ್ಯಾಯ ಆದದ್ದು ನನಗೆ, ಅದನ್ನೂ ಬರೆದಿಡಬೇಕು. ಏಣಿಯನ್ನು ಗೂಡ್ಸ್ ಆಟೋಗೆ ಕಟ್ಟಿ ಕೊಳ್ಳೇಗಾಲಕ್ಕೆ ಹೋದೆ. "ಏನ್ ಭಾವ, ಒಡಹುಟ್ಟಿದ ಅಕ್ಕನ ಮನೆ ಏಣಿಗೂ ನೋಟಿಸಾ?" ಎಂದೆ.

ಅವರು ಕನ್ನಡಕ ಏರಿಸಿ ಏಣಿಯನ್ನು ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಎಣಿಸಿದರು. "ಹನ್ನೊಂದು ಮೆಟ್ಲು ಇತ್ತು. ಹತ್ತೇ ಅದೆ. ಒಂದು ಪುಟ ಹರಿದಿದ್ದೀಯ ಕಣೋ."

೪. ನಕ್ಷೆ

ಸೀರೆ ಕೆಳಗಿನ ಆ ಹಾಳೆಯಲ್ಲಿ ಊರು, ಹಳ್ಳ, ಗುಡ್ಡ ಎಲ್ಲ ಇದ್ದವು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನೀರು ಕುಡಿಯುವ ಜಾಗ ಮಾತ್ರ ಒಂದೂ ಇರಲಿಲ್ಲ. ಈಗಿನ ಮೊಬೈಲೂ ದಾರಿ ತೋರಿಸುತ್ತದೆ, ನೀರು ತೋರಿಸುವುದಿಲ್ಲ. ಭಾವ ಛತ್ರಿ ಹಿಡಿದು ಎಷ್ಟೋ ಸಲ ಬೆಟ್ಟದ ದಾರಿ ನಡೆದರು. ಬಾವಿ, ನಲ್ಲಿ ಇಟ್ಟ ನೀರಿನ ತೊಂಬೆ, ಒರತೆಗಳನ್ನೆಲ್ಲ ಗುರುತು ಹಾಕಿಕೊಂಡು ತಗಡಿನ ಮೇಲೆ ನಕ್ಷೆ ಬರೆದರು. ಒಂದೊಂದು ನೀರಿಗೂ ಒಂದೊಂದು ನೀಲಿ ಚುಕ್ಕೆ. ನಮ್ಮ ಮನೆ ಆ ದಾರಿಗೇ ಇದೆ; ದಾರಿಹೋಕರು ಕೂರುವ ಜಗಲಿಯ ಗೋಡೆಗೆ ಅದನ್ನು ಮೊಳೆ ಹೊಡೆದು ಕೂರಿಸಿದೆವು.

ಒಳ್ಳೆಯ ಕೆಲಸ, ಬರಿಗೈಯಲ್ಲಿ ಶುರು ಮಾಡಬಾರದು ಎಂದು ನಾನು ಸ್ನಾನ ಮಾಡಿ ಬಂದು ನಕ್ಷೆಯ ನೆತ್ತಿಗೆ ಮೂರೆಳೆ ವಿಭೂತಿ ಬಳಿದೆ, ಕರ್ಪೂರ ಬೆಳಗಿದೆ.

"ಲೋ, ಅದು ನಕ್ಷೆ ಕಣೋ" ಎಂದರು ಭಾವ.

"ಇರ್ಲಿ ಬುಡಿ" ಎಂದೆ.

ಜನ ಬೆಟ್ಟಕ್ಕೆ ನಡೆಯುವ ಅಮಾವಾಸ್ಯೆಗೆ ನೋಡುತ್ತೇನೆ, ನಕ್ಷೆಯ ತುಂಬ ವಿಭೂತಿ, ಕುಂಕುಮ, ಚೆಂಡುಹೂ. ಚುಕ್ಕೆ ಕಂಡಲ್ಲೆಲ್ಲ ಬೊಟ್ಟು ಇಟ್ಟಿದ್ದಾರೆ! ಯಳಂದೂರು ಕಡೆಯ ಒಬ್ಬ ಅಜ್ಜಿ ಅದರ ಕೆಳಗೇ ನಿಂತು, "ಸಾ, ಮುಂದಕೆ ನೀರೆಲ್ಲಿ ಸಿಕ್ತದೆ?" ಎಂದು ಕೇಳಿತು.

"ಕಣ್ಮುಂದೇನೇ ಅದಲ್ಲ, ನೋಡಮ್ಮ!"

"ನೋಡ್ದೆ ಕಣಪ್ಪ, ಕೈನೂ ಮುಗ್ದೆ. ಇದ್ಯಾವ ದೇವ್ರು?"

ನನಗೆ ತಡೆಯಲಾಗಲಿಲ್ಲ. ಬಿಂದಿಗೆ ತಂದು ನಕ್ಷೆಯ ಮೇಲೆ ಸುರಿದು ಬಟ್ಟೆಯಿಂದ ತಿಕ್ಕತೊಡಗಿದೆ. ಅಜ್ಜಿ ಹಿಂದೆ ತಿರುಗಿ, "ಅಭಿಷೇಕ ಆಯ್ತಾ ಅದೆ, ಬನ್ರವ್ವ!" ಎಂದು ಕೂಗಿತು. ದಾರಿಯಲ್ಲಿದ್ದವರೆಲ್ಲ ಬಂದು ತೀರ್ಥಕ್ಕೆ ಕೈ ಒಡ್ಡಿ ಸಾಲು ನಿಂತರು.

ನಾನು ಬೈಯಲು ಬಾಯಿ ತೆರೆದೆ. ಭಾವ ನನ್ನನ್ನು ಸರಿಸಿ, ಒಳಗಿನಿಂದ ಕುಡಿಯುವ ನೀರು ತರಿಸಿ, ಒಬ್ಬೊಬ್ಬರ ಬೊಗಸೆಗೂ ಹಾಕುತ್ತ ಮುಂದಿನ ನೀರುಗಳನ್ನು ಒಂದೊಂದಾಗಿ ಹೇಳಿದರು: "ಆಲದ ಮರದ ಬಾವಿ, ಸೇತುವೆ ಪಕ್ಕದ ತೊಂಬೆ, ಎರಡು ಬಂಡೆ ನಡುವಿನ ಒರತೆ..." ಜನ ಮಂತ್ರದ ಹಾಗೆ ತಲೆಬಾಗಿ ಕೇಳಿಸಿಕೊಂಡರು.

ಭಾವ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಿದೆ. ಹೋದ ಅಮಾವಾಸ್ಯೆ ನಾನು ಹೇಳುತ್ತಿದ್ದಾಗ ಅದೇ ಅಜ್ಜಿ ತಡೆಯಿತು. "ಪೂಜಾರಪ್ಪ, ಮೂರ್ನೇದು ಬತ್ತೋಗದೆ. ಅದ್ರ ಮ್ಯಾಲ್ಗಡೆ, ಹುಣಸೆಮರದತ್ರ ಹೊಸ ಒರತೆ ಬಂದದೆ. ನಿಮ್ ದೇವ್ರಿಗೆ ಹೇಳು."

ನನ್ನನ್ನು ಪೂಜಾರಿ ಅಂದದ್ದಕ್ಕೆ ಸಿಟ್ಟು ಬಂತು. ಆದರೆ ನೋಡಿ, ಭಾವನ ನಕ್ಷೆಯನ್ನು ತಿದ್ದುವಷ್ಟು ಬಲ್ಲವರು ಹುಟ್ಟಿಕೊಂಡಿದ್ದಾರೆ! ಒಳಗಿಂದ ಬಣ್ಣದ ಡಬ್ಬಿ ತಂದೆ. ಹಳೆಯ ಚುಕ್ಕೆ ಅಳಿಸಿ, ಅಜ್ಜಿ ಬೆರಳಿಟ್ಟ ಕಡೆ ಹೊಸ ನೀಲಿ ಚುಕ್ಕೆ ಇಟ್ಟೆ. ಭಾವನವರನ್ನು ನೆನೆದು ಒಂದು ಗಳಿಗೆ ಕಣ್ಣು ಮುಚ್ಚಿ ಕೈ ಮುಗಿದೆ.

ಕಣ್ಣು ಬಿಡುವಷ್ಟರಲ್ಲಿ, ಬಣ್ಣ ಇನ್ನೂ ಹಸಿಯಾಗಿರುವಾಗಲೇ, ಅಜ್ಜಿ ಅದಕ್ಕೂ ಕುಂಕುಮ ಇಟ್ಟಾಗಿತ್ತು.